ಮಲಗಿದ ಹೊಸ್ತಿಲು

ಈಗ ಕೆಲಸಕ್ಕೆ ಸೇರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹಾಕುವ ನಕ್ಷೆಯಲ್ಲಿ ಬಾಗಿಲು ಇರುತ್ತದೆ, ಹೊಸ್ತಿಲು ಇರುವುದಿಲ್ಲ. ಕಟ್ಟಡ ಎದ್ದ ಮೇಲೆ ಹೋಗಿ ನೋಡಿ, ಹೊಸ್ತಿಲು ಬಂದು ಕೂತಿರುತ್ತದೆ. ಯಾರು ಇಟ್ಟರು ಎಂದು ಕೇಳಿದರೆ ಯಾರೂ ಇಟ್ಟಿರುವುದಿಲ್ಲ. ಇಷ್ಟು ತಿಳಿಯುವುದಕ್ಕೆ ನನಗೆ ಹೆಚ್ಚುಕಡಿಮೆ ಇಡೀ ನೌಕರಿಯೇ ಬೇಕಾಯಿತು. ನಿಮಗೆ ಅಷ್ಟು ಕಾಲ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ಶ್ರೀರಂಗಪಟ್ಟಣದ ಹತ್ತಿರದ ಅರಕೆರೆ. ಮನೆಯಲ್ಲಿ ಎಲ್ಲರೂ ಭತ್ತ, ಕಬ್ಬು ಎಂದು ಇದ್ದಾಗ ನಾನೊಬ್ಬ ಡಿಪ್ಲೊಮಾ ಓದಿ, ಕಾಡು ಮತ್ತು ಪಕ್ಷಿಧಾಮ ನೋಡಲು ಬರುವ ಜನರಿಗೆ ಬೇಕಾದ ದಾರಿ, ಬೆಂಚು, ಶೌಚಾಲಯ, ದೋಣಿಕಟ್ಟೆ, ವೀಕ್ಷಣಾ ಗೋಪುರ ಇವುಗಳ ನಕ್ಷೆ ಹಾಕಿ ಕಟ್ಟಿಸುವ ಕೆಲಸಕ್ಕೆ ಸೇರಿದೆ. ಆದೇಶ ಕೈಗೆ ಬಂದ ದಿನ ಊರಿನ ಟೀ ಅಂಗಡಿಯಲ್ಲಿ ಸಿದ್ದಣ್ಣ ಎಲ್ಲರಿಗೂ ಕೇಳುವಂತೆ ಕೇಳಿದ: "ಕಾಡ್ನಾಗೆ ಇಂಜಿನೀರ್‌ಗೆ ಏನ್ಲಾ ಕೆಲ್ಸ, ಬೋರ? ಮರುಕ್ಕೆ ಪ್ಲಾನ್ ಆಕೀಯಾ? ಉಲಿಗೆ ಮೋರಿ ಕಟ್ಟೀಯಾ?" ಸಿದ್ದಣ್ಣ ಶಾಲೆಯಲ್ಲಿ ನನ್ನ ಪಕ್ಕ ಕೂತು ಓದಿ, ಅರ್ಧಕ್ಕೇ ಬಿಟ್ಟು, ಗಾರೆ ಕೆಲಸ ಕಲಿತವನು. ಮುಂದೆ ಅವನೇ ಮೇಸ್ತ್ರಿಯಾಗಿ ನನ್ನ ಕೆಲಸಗಳಿಗೆ ಬಂದ. ಸಾಹೇಬರ ಎದುರಿಗೆ ನನ್ನನ್ನು "ಸಾರ್" ಎನ್ನುತ್ತಿದ್ದ. ಸಾಹೇಬರ ಜೀಪು ತಿರುವು ದಾಟಿದ ಕೂಡಲೇ ಮತ್ತೆ "ಲೇ" ಶುರು.

ನಾನು ಹೇಳಹೊರಟಿರುವ ಜಾಗ ಪಾಂಡವಪುರದಿಂದ ಕೆ.ಆರ್. ಪೇಟೆಯ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುವ ಒಂದು ಕೆರೆ. ಕೆರೆಯ ನಡುಗಡ್ಡೆಯಲ್ಲಿ ಜಾಲಿ ಮರಗಳು. ಚಳಿ ಮುಗಿಯುವ ಹೊತ್ತಿಗೆ ಅವುಗಳ ತುಂಬ ಕೊಕ್ಕರೆ, ನೀರುಕಾಗೆಗಳ ಗೂಡು. ಜಾಗದ ಹೆಸರು ಬರೆಯುವುದಿಲ್ಲ. ತಪ್ಪೆಲ್ಲ ನನ್ನದು, ಕೆರೆಗೆ ಯಾಕೆ ಕೆಟ್ಟ ಹೆಸರು?

ಅಲ್ಲಿ ನಾನು ಮಾಡಿಸಿದ ಮೊಟ್ಟಮೊದಲ ಕೆಲಸ ಒಂದು ಕಲ್ಲು ಬೆಂಚು. ಟಿಕೆಟ್ ಕೊಡುವ ಕೋಣೆಯ ಪಕ್ಕ, ಹೊಂಗೆ ಮರದ ಕೆಳಗೆ, ಒಳ್ಳೆಯ ಚಪ್ಪಡಿ ಆರಿಸಿ ಹಾಕಿಸಿದೆ. ಆಗಿನ ಸಾಹೇಬರು, "ಜನಕ್ಕೆ ಅವರವರ ಗಾಡಿ ಕಾಣ್ತಿರಬೇಕು ಕಣ್ರೀ, ಇಲ್ದಿದ್ರೆ ಜೀವಕ್ಕೆ ಸಮಾಧಾನ ಇರಲ್ಲ" ಎಂದರು. ಅದು ನನಗೂ ಬಹಳ ಜಾಣತನದ ಮಾತಾಗಿ ಕಂಡು, ಬೆಂಚನ್ನು ವಾಹನ ನಿಲ್ಲಿಸುವ ಜಾಗದ ಕಡೆಗೆ ಮುಖ ಮಾಡಿ ಹಾಕಿಸಿದೆ. ಬೆನ್ನ ಹಿಂದೆ ಒಂದಾಳು ಎತ್ತರದ ಕೆರೆ ಏರಿ. ಏರಿಯ ಆಚೆ ನೀರು, ಹಕ್ಕಿ, ಎಲ್ಲ. ಹತ್ತಿ ಇಳಿಯುವುದಕ್ಕೆ ಕಲ್ಲಿನ ಮೆಟ್ಟಿಲು.

ಆ ಸಾಹೇಬರಿಗೆ ಸಿಮೆಂಟಿನಲ್ಲಿ ಬೇರೆ ಏನನ್ನಾದರೂ ಮಾಡಿಸುವ ಹುಚ್ಚು. ಮರದ ಬೊಡ್ಡೆಯಂಥ ಕಂಬ, ಅಣಬೆಯಂಥ ಸೂರು, ಬಾಯಿ ತೆರೆದ ಮೊಲದ ಕಸದ ಡಬ್ಬಿ. ಮೊಲದ ಬಾಯಿಗೆ ಕಸ ಹಾಕಲು ಮಕ್ಕಳಿಗೆ ಮನಸ್ಸು ಬರದೆ ಕಡಲೆಕಾಯಿ ಹಾಕುತ್ತಿದ್ದರು. ಅದಕ್ಕಾಗಿ ಕೋತಿಗಳು ಮೊಲದ ಗಂಟಲಿಗೆ ಕೈ ಹಾಕಿ ಒಳಗಿದ್ದ ಕಸವನ್ನೆಲ್ಲ ಹೊರಗೆ ಎಳೆದು ಹರಡುತ್ತಿದ್ದವು. ಆ ಮೊಲದ ನಕ್ಷೆಗೆ ನಾನು ಒಂದು ವಾರ ಕಷ್ಟಪಟ್ಟಿದ್ದೆ. ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಎಳೆದು, ತಪ್ಪಾದರೆ ಬ್ಲೇಡಿನಲ್ಲಿ ಕೆರೆದು, ಅಮೋನಿಯ ವಾಸನೆ ಹೊಡೆಯುವ ಪ್ರಿಂಟು ತೆಗೆಸುತ್ತಿದ್ದ ಕಾಲ ಅದು. ಬಂದವರಿಗೆ ಏನು ಬೇಕು ಎಂದು ಮಾತ್ರ ನಾವು ಯಾರನ್ನೂ ಕೇಳಿರಲಿಲ್ಲ.

ಜಯಮ್ಮನವರನ್ನು ಮೊದಲು ಕಂಡಿದ್ದು ಎಷ್ಟೋ ವರ್ಷದ ಮೇಲೆ, ಆ ಬೆಂಚಿನ ಹತ್ತಿರ. ಕ್ಯಾತನಹಳ್ಳಿ ಕಡೆಯ ಒಂದು ಶಾಲೆಯ ಟೀಚರು. ಮಗುವಾಗಿದ್ದಾಗಲೇ ಪೋಲಿಯೊ ಆಗಿ ಎರಡು ಕಾಲೂ ಸ್ವಾಧೀನದಲ್ಲಿರಲಿಲ್ಲ. ಗಾಲಿಕುರ್ಚಿಯನ್ನು ಬೆಂಚಿನ ಪಕ್ಕಕ್ಕೆ ನಿಲ್ಲಿಸಿಕೊಂಡು ಕೂತಿದ್ದರು. ಬೆಂಚಿನ ತುಂಬ ಮಕ್ಕಳ ಊಟದ ಚೀಲ. ಮಕ್ಕಳು ಇನ್ನೊಬ್ಬ ಮೇಷ್ಟರ ಜೊತೆ ಏರಿ ಹತ್ತಿ ದೋಣಿಗೆ ಹೋಗಿದ್ದರು. ನಾನು ಮಾತಾಡಿಸಿದೆ.

"ಪ್ರತಿ ವರ್ಷ ಬರ್ತೀನಿ ಸಾರ್. ಚೀಲ ಕಾಯೋದು ನನ್ನ ಡ್ಯೂಟಿ" ಎಂದು ನಕ್ಕರು. "ಹಕ್ಕಿ ಪಾಠ ನಂದೇ. ಚಾರ್ಟ್ ತೋರಿಸಿ ಹೇಳ್ಕೊಡ್ತೀನಿ. ವಾಪಸ್ ಹೋದ್ಮೇಲೆ ಕಂಡಿದ್ದು ಬರೀರಿ ಅಂತೀನಿ, ತಿದ್ದುತೀನಿ. ನಾನು ಮಾತ್ರ ಒಂದು ಗೂಡೂ ಕಂಡಿಲ್ಲ." ಆಮೇಲೆ ದೂರುವಂತೆ ಹೇಳಿದರು: "ಹುಡುಗ್ರು ಏನೇನೋ ಬರೀತವೆ. ಗೂಡಿನ ಕೆಳಗೆ ಗಬ್ಬು ನಾರ್ತದೆ ಅಂತ ವರ್ಷ ವರ್ಷಾನೂ ಒಬ್ಬ ಬರೀತಾನೆ. ಪಾಠದಲ್ಲಿ ಅಂಥದ್ದೆಲ್ಲ ಬರೀಬಾರ್ದು ಅಂತ ಕೆಂಪು ಪೆನ್ನಲ್ಲಿ ಹೊಡೆದು ಹಾಕ್ತೀನಿ."

ನಾನು ಉತ್ಸಾಹದಲ್ಲಿ, "ನಾಲ್ಕು ಜನ ಹುಡುಗರನ್ನ ಕರೀತೀನಿ ಮೇಡಂ, ಕುರ್ಚಿ ಸಮೇತ ಎತ್ಕೊಂಡು ದಾಟಿಸಿಬಿಡ್ತಾರೆ, ಐದು ನಿಮಿಷ" ಎಂದೆ. ಅವರ ಮುಖದ ನಗು ಹೋಯಿತು.

"ಬೇಡ ಸಾರ್. ಎತ್ತೋರು ಎಲ್ಲಾ ಕಡೆ ಸಿಗ್ತಾರೆ. ನಾನು ಪಾಠ ಹೇಳೋ ಮಕ್ಕಳ ಎದುರಿಗೆ ಮೂಟೆ ಆಗೋಕೆ ನಂಗೆ ಇಷ್ಟ ಇಲ್ಲ. ರಿಟೈರ್ ಆಗೋದ್ರೊಳಗೆ ಒಂದ್ಸಲ ಆ ಗೂಡು ನೋಡ್ಬೇಕು. ಆದ್ರೆ ನಾನಾಗೇ ಹೋಗ್ಬೇಕು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಮುಂದಿನ ವರ್ಷ ಬನ್ನಿ, ದಾರಿ ಮಾಡಿಸಿರ್ತೀನಿ" ಎಂದುಬಿಟ್ಟೆ. ಅಷ್ಟು ಹಗುರವಾಗಿ ಆಡಿದ ಮಾತು ಅಷ್ಟು ವರ್ಷ ನನ್ನ ಬೆನ್ನು ಹತ್ತುತ್ತದೆ ಎಂದು ಗೊತ್ತಿರಲಿಲ್ಲ.

ಮಾಡಿಸಿದೆ. ಮೆಟ್ಟಿಲ ಪಕ್ಕದಲ್ಲೇ ಇಳಿಜಾರು ಹಾಕಿಸಿದೆ. ಮೆಟ್ಟಿಲು ಎಷ್ಟು ಕಡಿದೋ ಇಳಿಜಾರೂ ಹೆಚ್ಚುಕಡಿಮೆ ಅಷ್ಟೇ ಕಡಿದು. ನೋಡುವುದಕ್ಕೆ ಅಂದವಾಗಿತ್ತು, ಸಾಹೇಬರೂ ಮೆಚ್ಚಿದರು. ವರ್ಷ ತಿರುಗಿ ಜಯಮ್ಮ ಬಂದರು, ಎರಡು ಕೈಯಲ್ಲೂ ಗಾಲಿ ತಳ್ಳಿಕೊಂಡು ಹತ್ತಿದರು. ಮೂರು ಮಾರು ಹೋಗುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರಲು ಶುರುವಾಯಿತು. ಮಕ್ಕಳು ಓಡಿಬಂದು ಹಿಡಿದುಕೊಂಡವು, ಇಲ್ಲದಿದ್ದರೆ ಏನಾಗುತ್ತಿತ್ತೋ. ಕೆಳಗೆ ಬಂದು ಉಸಿರು ಹಿಡಿದು, "ಇದು ಎಮ್ಮೆ ನೀರಿಗೆ ಇಳಿಯೋ ದಾರಿ ಸಾರ್" ಎಂದರು.

ಆವತ್ತು ನಾನು ನಾಚಿಕೆ ಬಿಟ್ಟು ಒಂದು ಕೆಲಸ ಮಾಡಿದೆ. ಒಂದು ಗಾಲಿಕುರ್ಚಿ ಎರವಲು ತಂದು ನಾನೇ ಕೂತು ತಳ್ಳಿ ನೋಡಿದೆ. ಮೂರು ದಿನ ರಟ್ಟೆ ಎತ್ತಲು ಆಗಲಿಲ್ಲ. ಆಮೇಲೆಯೇ ಪುಸ್ತಕ ತೆರೆದು ಓದಿದ್ದು: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಓದಿ ಆಮೇಲೆ ಕಟ್ಟುವುದು ಬಿಟ್ಟು ನಾನು ಕಟ್ಟಿ ಆಮೇಲೆ ಓದಿದ್ದೆ. ಸಿದ್ದಣ್ಣನಿಗೆ ಹೇಳಿದರೆ ಅವನು ಒಪ್ಪಲೇ ಇಲ್ಲ.

"ಆಳೆತ್ರದ ಏರಿಗೆ ಎಪ್ಪತ್ತು ಅಡಿ ದಾರಿನಾ? ಎತ್ತಿನ್ ಗಾಡಿಗೂ ಇಷ್ಟು ಬ್ಯಾಡ ಕಣ್ಲಾ. ಆಲಿನ್ ಸೊಸೈಟಿ ತಂಕ ಓಯ್ತದೆ ನಿನ್ನ ಇಳಿಜಾರು."

"ಎತ್ತಿಗೆ ನಾಲ್ಕು ಕಾಲು ಐತೆ ಕಣ್ಲಾ. ಆಯಮ್ಮನಿಗೆ ಎರಡು ಕೈ ಅಷ್ಟೇ" ಎಂದೆ. ಅವನು ತಲೆ ಕೆರೆದುಕೊಂಡು, ನೆಲದ ಏರುತಗ್ಗು ನೋಡಲು ನೀರು ತುಂಬಿದ ಮಟ್ಟದ ಪೈಪು ತೆಗೆದುಕೊಂಡು ಎದ್ದ. ಏರಿಯ ಪಕ್ಕಕ್ಕೇ ಒರಗಿಸಿ, ನಡುನಡುವೆ ಸುಧಾರಿಸಿಕೊಳ್ಳಲು ಮಟ್ಟಸ ಜಾಗ ಬಿಟ್ಟು, ಉದ್ದಕ್ಕೆ ಎಳೆದೆವು. ಈಗಿನವರಿಗೆ ಎಲ್ಲ ಕಂಪ್ಯೂಟರಿನಲ್ಲಿ ಬರುತ್ತದೆ, ನಾನೂ ಕೊನೆಕೊನೆಗೆ ಕಲಿತೆ. ಆದರೂ ಹೇಳುತ್ತೇನೆ, ಆ ಪೈಪಿನ ನೀರು ಯಾವತ್ತೂ ಸುಳ್ಳು ಹೇಳಿಲ್ಲ.

ಎರಡನೆಯ ವರ್ಷ ಕೆಡಿಸಿದ್ದು ಜಲ್ಲಿ. ಇಳಿಜಾರು ಸರಿಯಾಗಿಯೇ ಇತ್ತು. ಆದರೆ ಟಿಕೆಟ್ ಕೋಣೆಯಿಂದ ಅಲ್ಲಿಗೆ ಹೋಗುವ ದಾರಿ ಕಾಡಿನಂತೆ ಸಹಜವಾಗಿ ಕಾಣಬೇಕು ಎಂದು ಸಾಹೇಬರು ಹೇಳಿದ್ದರು, ನಾನು ದುಂಡು ಕಲ್ಲಿನ ಜಲ್ಲಿ ಹರಡಿಸಿದ್ದೆ. ಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಅದರಲ್ಲಿ ಹೂತುಕೊಂಡವು. ಜಯಮ್ಮ ಇಳಿಜಾರಿನ ಬುಡಕ್ಕೂ ಮುಟ್ಟಲಿಲ್ಲ. ಮತ್ತೆ ಬೆಂಚಿನ ಪಕ್ಕ, ಮತ್ತೆ ಚೀಲ. "ಪರ್ವಾಗಿಲ್ಲ ಸಾರ್, ಚೀಲಗಳಿಗೂ ನನ್ನ ಅಭ್ಯಾಸ ಆಗೋಗಿದೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅದೇ ಸುಮಾರಿಗೆ ನಾಗಮಂಗಲದ ಆಚೆ ಒಂದು ಗುಡ್ಡಕ್ಕೆ, ನವಿಲು ನೋಡಲು ಬರುವವರಿಗೆಂದು, ಮೆಟ್ಟಿಲುಗಳ ಪಕ್ಕ ಸ್ಟೀಲಿನ ಕಂಬಿ ಹಾಕಿಸಿದೆ. ಫಳಫಳ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಕಣ್ಣು ಮಂಜಾದ ಒಬ್ಬ ಅಜ್ಜ ಅದನ್ನು ಹಿಡಿದು, ಬಿಸಿಗೆ "ಅಪ್ಪಾ" ಎಂದು ಕೈ ಬಿಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ಹಿಡಿದು ನೋಡಿದೆ, ಬಾಣಲೆ. ನಾನು ಅದನ್ನು ಪರೀಕ್ಷೆ ಮಾಡಿದ್ದು ಬೆಳಗಿನ ಏಳು ಗಂಟೆಗೆ. ಕಂಬಿ ತೆಗೆಸಿ ನೀಲಗಿರಿ ಗಳ ನಯ ಮಾಡಿಸಿ ಹಾಕಿಸಿದೆ. ಯಾವುದನ್ನು ಪರೀಕ್ಷೆ ಮಾಡಿದರೂ ಜನ ಬರುವ ಹೊತ್ತಿಗೇ ಮಾಡಿ ಎಂದು ನಿಮಗೆ ಹೇಳುವುದು ಅದಕ್ಕೇ.

ಇನ್ನೊಂದು ತಪ್ಪು ಬೋರ್ಡಿನದು. ಇಳಿಜಾರಿನ ಬುಡದಲ್ಲಿ "ಅಂಗವಿಕಲರಿಗೆ ಮಾತ್ರ" ಎಂದು ದಪ್ಪ ಅಕ್ಷರದ ಬೋರ್ಡು ನೆಡಿಸಿದ್ದೆ. ಮಂಡಿ ನೋವಿನ ಮುದುಕಿಯರು ಬೋರ್ಡು ಓದಿಸಿಕೊಂಡು, "ನಮಗೇನು ಕಮ್ಮಿ ಆಗೈತೆ" ಎಂದು ಮೆಟ್ಟಿಲನ್ನೇ ಹತ್ತುತ್ತಿದ್ದರು, ನಡುವೆ ಕೂತು ಅಯ್ಯೋ ಎನ್ನುತ್ತಿದ್ದರು. ಬೋರ್ಡು ಕಿತ್ತುಹಾಕಿದ ಮೇಲೆ ಮುದುಕಿಯರು, ಕಂಕುಳಲ್ಲಿ ಕೂಸಿದ್ದವರು, ಹೊಸದಾಗಿ ಮದುವೆಯಾಗಿ ರೇಷ್ಮೆ ಸೀರೆಯಲ್ಲಿ ಬಂದವರು ಎಲ್ಲ ಅದರ ಮೇಲೇ ಹೋಗತೊಡಗಿದರು. ಮೆಟ್ಟಿಲು ಖಾಲಿ ಬಿತ್ತು.

ಈಗ ಹೊಸ್ತಿಲಿಗೆ ಬರುತ್ತೇನೆ.

ಜಲ್ಲಿ ತೆಗೆಸಿ ಚಪ್ಪಡಿ ಹಾಸುವಾಗ ಜಯಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದರು. ಎಲ್ಲಿಗೇ ಪ್ರವಾಸ ಹೋಗಲಿ, ಹಿಂದಿನ ದಿನ ಸಂಜೆಯಿಂದಲೇ ಅವರು ನೀರು ಕುಡಿಯುವುದಿಲ್ಲ. "ಹೋಗೋಕೆ ಜಾಗ ಇರಲ್ಲ ಸಾರ್, ಅದ್ಕೆ. ದಾರಿ ಮಾಡಿಸ್ತಿದ್ದೀರಿ, ಸಂತೋಷ. ಇದನ್ನೂ ಒಂಚೂರು ಯೋಚನೆ ಮಾಡಿ." ಇಷ್ಟು ವರ್ಷ ಅವರು ಬಾಯಾರಿಕೊಂಡೇ ಕೂತು ನಗುತ್ತಿದ್ದರು ಎಂದು ನನಗೆ ತಿಳಿದದ್ದು ಆಗ. ಅಗಲ ಬಾಗಿಲು, ಒಳಗೆ ಕುರ್ಚಿ ತಿರುಗುವಷ್ಟು ಜಾಗ, ಹಿಡಿದುಕೊಳ್ಳಲು ಎರಡೂ ಕಡೆ ಹಿಡಿಕೆ, ಕೂತವರ ಕೈಗೆ ಸಿಗುವ ನಲ್ಲಿ ಇರುವ ಶೌಚಾಲಯದ ನಕ್ಷೆ ಹಾಕಿದೆ. ನಾನು ಹಾಕಿದ ನಕ್ಷೆಗಳಲ್ಲಿ ಅಷ್ಟು ಶ್ರದ್ಧೆಯಿಂದ ಹಾಕಿದ್ದು ಬೇರೆ ಇಲ್ಲ. ಹೊರಗಿನ ನೆಲ, ಒಳಗಿನ ನೆಲ ಒಂದೇ ಗೆರೆ.

ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ನಾನು ನಾಗಮಂಗಲದ ಕೆಲಸದಲ್ಲಿದ್ದೆ. ಬಡಗಿ ಅವನಿಗೆ ಗೊತ್ತಿದ್ದ ಚೌಕಟ್ಟು ತಂದ. ಎರಡು ನಿಲುವು, ಮೇಲೊಂದು, ಕೆಳಗೊಂದು. ಸಿದ್ದಣ್ಣ ಕೆಳಗಿನದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಅಡಿಯಲ್ಲಿ ನವಧಾನ್ಯ ಹಾಕಿ ಕೂರಿಸಿದ. ಎರಡು ದಿನದ ಮೇಲೆ ನಾನು ಪರೀಕ್ಷೆಗೆ ಹೋದೆ. ಕೈಯಲ್ಲಿ ನಕ್ಷೆ, ಟೇಪು. ಬಾಗಿಲ ಅಗಲ ಅಳೆದೆ, ಹಿಡಿಕೆಯ ಎತ್ತರ ಅಳೆದೆ, ನಲ್ಲಿ ತಿರುಗಿಸಿ ನೋಡಿದೆ. ಒಳಗೆ ಹೋಗುವಾಗ ಹೊಸ್ತಿಲು ದಾಟಿದೆ, ಹೊರಗೆ ಬರುವಾಗ ದಾಟಿದೆ. ತುಳಿಯದೆ, ಬಲಗಾಲಿಟ್ಟು, ನಮ್ಮವ್ವ ಕಲಿಸಿದ ಹಾಗೆ. ಅಷ್ಟು ಸಾಲದು ಎಂದು ಅದರ ಮುಂದೆಯೇ ನಾನೇ ತೆಂಗಿನಕಾಯಿ ಒಡೆದು, ಎಲ್ಲ ಸರಿ ಇದೆ ಎಂದು ರುಜು ಹಾಕಿ, ಜಯಮ್ಮನಿಗೆ ಫೋನ್ ಮಾಡಿದೆ. "ಈ ಸಲ ಹೊಟ್ಟೆ ತುಂಬ ನೀರು ಕುಡ್ಕೊಂಡು ಬನ್ನಿ ಮೇಡಂ."

ಅವರು ನಂಬಿ ಕುಡಿದುಕೊಂಡು ಬಂದರು. ಬೆಳಿಗ್ಗೆ ಎರಡು ಲೋಟ ಕಾಫಿ ಬೇರೆ. ಚಪ್ಪಡಿ ದಾರಿಯ ಮೇಲೆ ಗಾಲಿ ನೀರು ಹರಿದಂತೆ ಹರಿಯಿತು. "ಮೊದಲು ನಿಮ್ಮ ಆ ಕಟ್ಟಡ ನೋಡೋಣ ಸಾರ್" ಎಂದು ನೇರ ಅಲ್ಲಿಗೇ ತಿರುಗಿಸಿದರು. ಬಾಗಿಲಲ್ಲಿ ಮುಂದಿನ ಸಣ್ಣ ಚಕ್ರ ಟಕ್ ಎಂದಿತು. ಹಿಂದೆ ಸರಿದು ಮತ್ತೆ ತಳ್ಳಿದರು. ಮತ್ತೆ ಟಕ್. ಎರಡೇ ಇಂಚು.

ನಾನು ಆಗ ನೋಡಿದೆ. ಅದನ್ನು ದಾಟಿ ಒಳಗೂ ಹೊರಗೂ ಓಡಾಡಿದ್ದ ನಾನು ಅದನ್ನು ಮೊದಲ ಸಲ ನೋಡಿದ್ದು ಆಗ. ಅರಿಶಿನ ಇನ್ನೂ ಹೊಸದಾಗಿತ್ತು.

ಹಲಗೆ ತರಿಸುತ್ತೇನೆ, ಒಂದು ನಿಮಿಷ ಎಂದು ಏನೇನೋ ತೊದಲಿದೆ. ಮಕ್ಕಳು ಗುಂಪು ಕಟ್ಟಿ ನೋಡುತ್ತಿದ್ದವು. ಜಯಮ್ಮ ಕುರ್ಚಿ ತಿರುಗಿಸಿಕೊಂಡು ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದರು: "ನೀವು ದಾಟ್ಕೊಂಡು ಹೋದ್ರಿ ಅಲ್ವಾ ಸಾರ್, ಅದಕ್ಕೇ ನಿಮಗೆ ಕಾಣಲಿಲ್ಲ." ಮಕ್ಕಳನ್ನು ಇನ್ನೊಬ್ಬ ಮೇಷ್ಟರಿಗೆ ಬಿಟ್ಟು, ಬಂದಿದ್ದ ಟೆಂಪೋದ ಮುಂದಿನ ಸೀಟಿಗೆ ಅವರೇ ತೋಳಿನ ಬಲದಲ್ಲಿ ಹತ್ತಿ ಕೂತು, ಕ್ಯಾತನಹಳ್ಳಿಯ ತಮ್ಮ ಮನೆಗೆ ಹೊರಟುಹೋದರು. ಇಳಿಜಾರು ಇತ್ತು, ದಾರಿ ಇತ್ತು, ಅವತ್ತು ಗೂಡುಗಳೂ ತುಂಬಿದ್ದವು. ನನಗೆ ಅಷ್ಟು ನಾಚಿಕೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮಧ್ಯಾಹ್ನ ಸಿದ್ದಣ್ಣನನ್ನು ಕರೆದು ಅದನ್ನು ಈಗಲೇ ಕತ್ತರಿಸು ಎಂದೆ. ಅವನು ಉಳಿ ಮುಟ್ಟಲಿಲ್ಲ.

"ಒಸ್ಲು ಕುಯ್ಯಾಕಿಲ್ಲ ಕಣ್ಲಾ. ನನ್ ಕೈಯಲ್ಲಿ ಆಗಾಕಿಲ್ಲ. ಪೂಜೆ ಮಾಡಿ ಕುಂಡ್ರಿಸಿವ್ನಿ."

"ಕಕ್ಕಸ್ಸಿಗೆ ಯಾವ ಲಕ್ಷ್ಮಿ ಬತ್ತಾಳ್ಲಾ? ಯಾಕೆ ಇಟ್ಟೆ ಇದನ್ನ? ನಕ್ಷೆಲಿ ಎಲ್ಲಿತ್ತು?"

"ಬಾಗ್ಲು ಬರ್ದಿದ್ದೆ. ಬಾಗ್ಲು ಅಂದ್ಮೇಲೆ ಒಸ್ಲು ಇರಾಕಿಲ್ವಾ? ಅದ್ನೂ ಬರೀಬೇಕಾ? ಕಾಯಿ ಒಡೆದೋನು ನೀನೇ ಅಲ್ವೇನ್ಲಾ?"

ಇಬ್ಬರೂ ಬೀಡಿ ಹಚ್ಚಿಕೊಂಡು ಹೊಂಗೆ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತೆವು. ಸ್ವಲ್ಪ ಹೊತ್ತಿಗೆ ಅವನೇ ಹೋಗಿ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಲವನ್ನು ಬೆರಳಲ್ಲಿ ತಟ್ಟಿ ನೋಡಿ ಕೂಗಿದ: "ಲೇ ಬೋರ, ತಗ್ಯಾದು ಬ್ಯಾಡ. ಒಳಿಕ್ಕೆ ಇಳಿಸ್ಬುಡಾನ." ಚೌಕಟ್ಟು ಸಡಿಲಿಸಿ, ಕೆಳಗಿನ ನೆಲವನ್ನು ಎರಡು ಇಂಚು ಅಗೆದು, ಹೊಸ್ತಿಲಿನ ಮೈ ನೆಲದ ಮಟ್ಟಕ್ಕೆ ಬರುವಂತೆ ಹೂತ. ಮಳೆಯ ನೀರು ಒಳಗೆ ನುಗ್ಗದಂತೆ ಮುಂದೆ ಸಣ್ಣ ಕಾಲುವೆ ತೋಡಿ ಕಬ್ಬಿಣದ ಜಾಲರಿ ಮುಚ್ಚಿದ. ಮಟ್ಟದ ಪೈಪು ಹಿಡಿದು ಎರಡು ಸಲ ನೋಡಿದೆವು. ಗೋಲಿ ಉರುಳಿಸಿದರೂ ತಡೆಯಲಿಲ್ಲ. ಹೊಸ್ತಿಲೂ ಉಳಿಯಿತು, ಬಾಗಿಲೂ ಆಯಿತು. ನನ್ನ ಡಿಪ್ಲೊಮಾಕ್ಕೆ ಹೊಳೆಯದ್ದು ಅದು.

ಮರುವರ್ಷ ಶಾಲೆಯ ಮಕ್ಕಳು ಬಂದರು. ಜಯಮ್ಮ ಬರಲಿಲ್ಲ. ಹೊಸ ಟೀಚರೊಬ್ಬರು ಊಟದ ಚೀಲಗಳನ್ನು ಬೆಂಚಿನ ಮೇಲೆ ಇಟ್ಟು, ಕಾವಲುಗಾರನಿಗೆ ಹೇಳಿ, ಏರಿ ಹತ್ತಿ ಹೋದರು. ನಾನು ಅವತ್ತೇ ಕ್ಯಾತನಹಳ್ಳಿ ಕಡೆ ಬಸ್ಸು ಹತ್ತಿದೆ. ಜಯಮ್ಮ ಶಾಲೆಯ ಪಡಸಾಲೆಯಲ್ಲಿ ನೋಟ್‌ಬುಕ್ ತಿದ್ದುತ್ತಿದ್ದರು.

"ಮುಂದಿನ ವರ್ಷಕ್ಕೆ ನಂದು ಮುಗೀತದೆ ಸಾರ್" ಎಂದರು. "ಇನ್ನೊಂದ್ಸಲ ಮಕ್ಕಳ ಎದುರಿಗೆ ಬಾಗಿಲಲ್ಲಿ ನಿಂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಕ್ಷಮೆ ಕೇಳಲು ಹೋಗಿದ್ದೆ, ಅದೂ ಸರಿಯಾಗಿ ಬರಲಿಲ್ಲ. "ನನಗೆ ಕಾಣೋದಿಲ್ಲ ಮೇಡಂ. ನೀವು ಬಂದು ತೋರಿಸಿಕೊಡಬೇಕು" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ, "ಕಟ್ಟಿ ಮುಗಿಸಿ ಕರೀಬೇಡಿ. ಕಟ್ಟೋವಾಗ ಕರೀರಿ. ಮಕ್ಕಳಿಲ್ಲದ ದಿನ" ಎಂದರು. ನನ್ನ ನೌಕರಿಯಲ್ಲಿ ಕೆಲಸದ ರೀತಿ ಬದಲಾದದ್ದು ಕಂಪ್ಯೂಟರ್ ಬಂದಾಗಲ್ಲ, ಆ ಮಾತಿನಿಂದ. ಆಮೇಲೆ ಯಾವ ನಕ್ಷೆಯನ್ನೂ ನಾನು ಒಬ್ಬನೇ ಕೂತು ಮುಗಿಸಲಿಲ್ಲ.

ಮಳೆಗಾಲದ ಒಂದು ಭಾನುವಾರ ಅವರು ಬಂದರು. ಹಕ್ಕಿಗಳು ಬರುವ ಕಾಲ ಅಲ್ಲ, ಜಾಲಿ ಮರಗಳು ಖಾಲಿ. ಮೊದಲು ಶೌಚಾಲಯದ ಬಾಗಿಲಿಗೆ ಹೋಗಿ ಕುರ್ಚಿ ನಿಲ್ಲಿಸಿ ನೆಲ ನೋಡಿದರು. "ಎಲ್ಲಿ ಸಾರ್ ಹೊಸ್ತಿಲು? ಕಿತ್ತೇ ಹಾಕಿದ್ರಾ?"

ಸಿದ್ದಣ್ಣ ಮುಂದೆ ಬಂದು ಕೈ ಕಟ್ಟಿಕೊಂಡು ನಿಂತ. "ಐತೆ ಮೇಡಮ್ಮೋರೆ. ಮಲಗೈತೆ."

ಅವರು ಗಟ್ಟಿಯಾಗಿ ನಕ್ಕರು. ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಗಾಲಿ ತಳ್ಳಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಹೊರಗೆ ಪರೀಕ್ಷೆ ಬರೆದು ಫಲಿತಾಂಶ ಕಾಯುವ ಹುಡುಗರಂತೆ ನಿಂತಿದ್ದೆವು.

ಉಳಿದಿದ್ದು ದೋಣಿ. ಅಲ್ಲಿಯ ದೋಣಿಗಾರ ಕಾಳಯ್ಯ, ಮಾತು ಕಡಿಮೆ. ಕೆರೆಗೆ ನಾಲೆಯ ನೀರು ಬಿಟ್ಟಾಗ ಮಟ್ಟ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ನಾನು ಹಾಕಿಸಿದ್ದ ಕಲ್ಲಿನ ಕಟ್ಟೆ ಒಂದು ತಿಂಗಳು ದೋಣಿಗಿಂತ ಮೇಲೆ, ಒಂದು ತಿಂಗಳು ನೀರಿನೊಳಗೆ. ಕಾಳಯ್ಯ ದೋಣಿಯ ಹುಟ್ಟನ್ನು ಜಯಮ್ಮನ ಕುರ್ಚಿಯ ಪಕ್ಕ ನೆಟ್ಟಗೆ ನಿಲ್ಲಿಸಿ, ಅವರು ಕೂತ ಎತ್ತರಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದ. "ಕುರ್ಚಿ ಎತ್ರ, ದೋಣಿ ಅಲಗೆ ಎತ್ರ ಒಂದಾಗ್ಬೇಕು ಸಾರ್. ಕಟ್ಟೆ ನಿಂತ್ರೆ ಆಗಾಕಿಲ್ಲ, ಅದೂ ತೇಲ್ಬೇಕು." ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಬಿಗಿದ ತೇಲುವ ಕಟ್ಟೆ, ಏರಿಯ ಮೇಲಿಂದ ಅದಕ್ಕೆ ಕೀಲು ಹಾಕಿದ ಉದ್ದ ಸೇತುವೆ. ನೀರು ಏರಿದರೆ ಅದೂ ಏರುತ್ತದೆ, ದೋಣಿಯೂ ಏರುತ್ತದೆ. ಆ ನಕ್ಷೆಯ ಮೂಲೆಯಲ್ಲಿ ಬರೆದವರು ಎಂದು ನನ್ನ ಹೆಸರಿದೆ. ಬರೆದದ್ದಷ್ಟೇ ನಾನು, ಯೋಚನೆ ಕಾಳಯ್ಯನದು.

ಕಟ್ಟೆ ನೀರಿಗೆ ಬಿಟ್ಟ ದಿನ ಜಯಮ್ಮನನ್ನು ಮತ್ತೆ ಕರೆಸಿ, "ಈಗ ಒಂದು ಸುತ್ತು ಹೋಗಿಬರ್ತೀರಾ?" ಎಂದು ಕೇಳಿದೆ. "ಇಲ್ಲ ಸಾರ್. ಮಕ್ಕಳ ಜೊತೆ ಬಂದಾಗ" ಎಂದರು.

ಅವರ ನಿವೃತ್ತಿಗೆ ಕೆಲವೇ ವಾರ ಇದ್ದಾಗ ಮಕ್ಕಳ ಜೊತೆ ಬಂದರು. ನನಗೂ ನಿವೃತ್ತಿ ಹತ್ತಿರವಾಗಿತ್ತು. ಹಿಂದಿನ ಎಲ್ಲ ಸಲದಂತೆ ನಾನು ಮುಂದೆ ಮುಂದೆ ಓಡಾಡಲಿಲ್ಲ, ಹಿಂದೆ ನಿಂತೆ. ಚಪ್ಪಡಿ ದಾರಿ, ಇಳಿಜಾರು, ನಡುವೆ ಎರಡು ಸಲ ನಿಂತು ಉಸಿರು. ಏರಿಯ ಮೇಲೆ ತಲುಪಿದಾಗ ಒಂದು ಕ್ಷಣ ನಿಂತು ನಡುಗಡ್ಡೆಯ ಕಡೆ ನೋಡಿದರು. ಸೇತುವೆ, ತೇಲುವ ಕಟ್ಟೆ. ಕಾಳಯ್ಯ ದೋಣಿಯನ್ನು ಒತ್ತಿ ಹಿಡಿದ, ಅವರನ್ನು ಮುಟ್ಟಲಿಲ್ಲ. ಕುರ್ಚಿಯಿಂದ ಹಲಗೆಗೆ ಒಂದು ಕೈ, ಇನ್ನೊಂದು ಕೈ, ಸೊಂಟ, ಆಮೇಲೆ ಕಾಲುಗಳನ್ನು ಒಂದೊಂದಾಗಿ ತಾವೇ ಎತ್ತಿ ಒಳಗೆ ಇಟ್ಟುಕೊಂಡರು. ಬಹಳ ಹೊತ್ತು ಹಿಡಿಯಿತು. ಸಿದ್ದಣ್ಣ ಏರಿಯ ಮೇಲೆ ನಿಂತು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ, ಬೆವರೇನೂ ಇರಲಿಲ್ಲ.

ದೋಣಿ ಬಿಡುವಾಗ ಜಯಮ್ಮ ನನ್ನ ಕಡೆ ತಿರುಗಿದರು. "ಸಾರ್, ಊಟದ ಚೀಲ ಸ್ವಲ್ಪ ನೋಡ್ಕಳಿ. ಕೋತಿ ಜಾಸ್ತಿ."

ನಾನು ಇಳಿದು ಬಂದು ಆ ಬೆಂಚಿನ ಮೇಲೆ, ಚೀಲಗಳ ನಡುವೆ ಕೂತೆ. ಅದನ್ನು ಹಾಕಿಸಿದವನು ನಾನೇ ಆದರೂ ಅದರ ಮೇಲೆ ಕೂತದ್ದು ಅದೇ ಮೊದಲು. ಎದುರಿಗೆ ಸ್ಕೂಟರುಗಳ ಸಾಲು, ಒಂದು ಟೆಂಪೋ, ಪಕ್ಕದಲ್ಲಿ ಟಿಕೆಟ್ ಕೋಣೆಯ ಗೋಡೆ, ಗೋಡೆಯ ಮೇಲೆ ಸುಣ್ಣದ ಕಲೆ. ಬೆನ್ನ ಹಿಂದೆ, ಏರಿಯ ಆಚೆಯಿಂದ, ಹಕ್ಕಿಗಳ ಗಲಾಟೆ, ಮಕ್ಕಳ ಕೂಗು. ತಿರುಗಿ ನೋಡಿದರೂ ಮಣ್ಣು. ಜಯಮ್ಮ ಅಷ್ಟು ವರ್ಷ ನೋಡಿದ್ದು ಇದನ್ನು. ಮುಂದಿನ ವಾರವೇ ಆ ಚಪ್ಪಡಿಯನ್ನು ಆರು ಜನರ ಕೈಯಲ್ಲಿ ಎತ್ತಿಸಿ ಏರಿಯ ಮೇಲೆ ಕೆರೆಗೆ ಮುಖ ಮಾಡಿ ಕೂರಿಸಿದೆ. ಅದೇ ನನ್ನ ಕೊನೆಯ ಕೆಲಸ, ಅದಕ್ಕೆ ನಕ್ಷೆ ಹಾಕಲಿಲ್ಲ.

ಅವತ್ತು ದೋಣಿ ಬಂದ ಮೇಲೆ ಜಯಮ್ಮ ಇಳಿಜಾರಿನಲ್ಲಿ ಗಾಲಿ ಹಿಡಿದುಹಿಡಿದು ಬಿಡುತ್ತಾ ಇಳಿದು ಬಂದರು. ಮುಖ ಕೆಂಪಾಗಿತ್ತು, ಸೀರೆಯ ಭುಜದ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು, ಒರೆಸಿಕೊಂಡಿರಲಿಲ್ಲ. ಹೇಗಿತ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರು ಊಟದ ಚೀಲವನ್ನೂ ಮುಟ್ಟದೆ ಒಬ್ಬ ಹುಡುಗಿಯ ನೋಟ್‌ಬುಕ್ ಇಸಿದುಕೊಂಡರು. ಅವಳು ಆಗಲೇ ಕಂಡಿದ್ದು ಬರೆಯಲು ಶುರುಮಾಡಿದ್ದಳು. ಮೊದಲ ಸಾಲೇ ಗೂಡಿನ ಕೆಳಗೆ ಗಬ್ಬು ವಾಸನೆ ಬರುತ್ತದೆ ಎಂದು.

"ಎಷ್ಟು ಮಕ್ಕಳಿಗೆ ತಪ್ಪು ಹಾಕಿಬಿಟ್ಟೆ ಸಾರ್" ಎಂದರು ಜಯಮ್ಮ. ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಆ ಸಾಲಿಗೆ ಸರಿ ಗುರುತು ಹಾಕಿ, ಪಕ್ಕದಲ್ಲಿ ಬರೆದರು: ನಿಜ, ನಾನೂ ಮೂಗು ಮುಚ್ಚಿಕೊಂಡೆ.